ಎಲಚಗುಟ್ಟಹಳ್ಳಿಯಲ್ಲಿ ವಿಮಾನ ನಿಂತದ್ದು

ಬೆಂಗಳೂರಿಗೆ ಬರುವ ಯಾವ ವಿಮಾನವೂ ಬಚ್ಚಪ್ಪನ ಅಪ್ಪಣೆಯಿಲ್ಲದೆ ನೆಲ ಮುಟ್ಟುವುದಿಲ್ಲ ಎಂಬ ಸಂಗತಿ ಇಡೀ ಪ್ರಪಂಚದಲ್ಲಿ ಗೊತ್ತಿದ್ದದ್ದು ಒಂದೇ ಒಂದು ಊರಿಗೆ. ಅದು ಬೂದಿಕೋಟೆ ಹೋಬಳಿಯ ಎಲಚಗುಟ್ಟಹಳ್ಳಿ. ವಿಮಾನ ಹಾರಿಸುವವರಿಗೆ ಗೊತ್ತಿರಲಿಲ್ಲ, ಇಳಿಸುವವರಿಗೆ ಗೊತ್ತಿರಲಿಲ್ಲ, ಸರ್ಕಾರಕ್ಕೆ ಗೊತ್ತಿರುವ ಪ್ರಶ್ನೆಯೇ ಇಲ್ಲ.

ಹಾಗೆಂದು ಪೂರ್ತಿ ಸುಳ್ಳೂ ಅಲ್ಲ. ಇದು ಟೆಲಿಪ್ರಿಂಟರುಗಳು ಕಟಕಟ ಎನ್ನುತ್ತಿದ್ದ ಕಾಲದ ಮಾತು, ಎಂಬತ್ತರ ದಶಕದ ಮೊದಮೊದಲು. ಮದ್ರಾಸಿನಲ್ಲಿ ಒಂದು ವಿಮಾನ ಎದ್ದರೆ ಆ ಸುದ್ದಿ ತಂತಿಯ ಮೇಲೆ ಓಡಿಬಂದು ಬೆಂಗಳೂರಿನ ವಿಮಾನ ನಿಲ್ದಾಣದ ಒಂದು ಕೋಣೆಯಲ್ಲಿ ಕಾಗದವಾಗಿ ಹೊರಬೀಳುತ್ತಿತ್ತು. ಇಂಥ ವಿಮಾನ, ಇಂಥ ದಾರಿ, ಇಷ್ಟು ಎತ್ತರ, ಇಷ್ಟು ಹೊತ್ತಿಗೆ ಬರುತ್ತದೆ. ಗೋಪುರದಲ್ಲಿ ಕೂತು ವಿಮಾನಕ್ಕೆ ದಾರಿ ಹೇಳುವವರಿಗೆ ಆ ಸುದ್ದಿ ಬೇಕು, ಮಳೆ ಗಾಳಿ ನೋಡುವವರಿಗೆ ಬೇಕು, ಕೆಳಗೆ ಪ್ರಯಾಣಿಕರ ಕೈಲಿ ಬೈಸಿಕೊಳ್ಳುವವರಿಗೂ ಬೇಕು. ಎಲ್ಲರಿಗೂ ಒಂದೇ ಸುದ್ದಿ, ಒಂದೇ ಹೊತ್ತಿಗೆ, ಒಂದೇ ತರಹ ಮುಟ್ಟಬೇಕೆಂಬುದು ವಿಮಾನಶಾಸ್ತ್ರದ ಮಹಾತತ್ವ. ಆ ಮಹಾತತ್ವಕ್ಕೆ ಆಗ ಎರಡು ಕಾಲಿದ್ದವು; ಎರಡೂ ಬಚ್ಚಪ್ಪನವು. ಯಂತ್ರದಿಂದ ಕಾಗದ ಹರಿದು, ಮೂರು ಕಡೆ ಮುಟ್ಟಿಸಿ, ವಾಪಸ್ಸು ಬಂದು ಸ್ಟೂಲಿನ ಮೇಲೆ ಕೂರುವುದು ಅವನ ಉದ್ಯೋಗ. ದಾರಿಯಲ್ಲಿ ಕ್ಯಾಂಟೀನು ಸಿಕ್ಕರೆ ಮಹಾತತ್ವ ಸ್ವಲ್ಪ ಹೊತ್ತು ನಿಂತು ಟೀ ಕುಡಿಯುತ್ತಿತ್ತು.

ದಿನಾ ಬಂಗಾರಪೇಟೆಯವರೆಗೆ ಸೈಕಲ್ಲು, ಅಲ್ಲಿಂದ ರೈಲು, ಸಂಜೆ ಅದೇ ದಾರಿಯಲ್ಲಿ ವಾಪಸ್ಸು. ಊರಿನವರು "ಅಲ್ಲೇನು ಕೆಲಸ ಬಚ್ಚಪ್ಪ?" ಎಂದು ಕೇಳಿದರೆ, "ನಾನು ಕಾಗದ ಕೊಡಲಿಲ್ಲ ಅಂದ್ರೆ ಒಂದ್ ಇಮಾನಾನೂ ಇಳಿಯಂಗಿಲ್ಲ" ಅನ್ನುತ್ತಿದ್ದ. ಇಷ್ಟೇ ಅವನು ಹೇಳಿದ್ದು. ಉಳಿದದ್ದನ್ನು ಊರು ಸೇರಿಸಿಕೊಂಡಿತು.

ಮೊದಲು ಬಂದವಳು ಪಕ್ಕದ ಮನೆಯ ಪಾಪಕ್ಕ. "ಬಚ್ಚಣ್ಣ, ಆ ಸಂಜೆ ಇಮಾನದ ಸದ್ದಿಗೆ ನಮ್ಮ ಎಮ್ಮೆ ಆಲು ಬಿಡಲ್ಲ ಕಣಪ್ಪ. ರವಷ್ಟು ಕ್ಯಾಸಂಬಳ್ಳಿ ಮೇಲಿಂದ ಓಗಾಕೆ ಯೋಳು."

"ಡೆಲ್ಲಿಯೋರ ಜತೆ ಮಾತಾಡ್ಬೇಕಾಗ್ತೈತೆ ಪಾಪಕ್ಕ. ನೋಡಾಣ" ಎಂದು ಬಚ್ಚಪ್ಪ ಗಂಭೀರವಾಗಿ ತಲೆಯಾಡಿಸಿದ. ಅವನ ಪುಣ್ಯಕ್ಕೋ ಪಾಪಕ್ಕೋ, ಮುಂದಿನ ವಾರ ಗಾಳಿ ತಿರುಗಿ ವಿಮಾನ ಎರಡು ದಿನ ಊರ ಮೇಲೆ ಕಾಣಲಿಲ್ಲ. ಮೂರನೇ ದಿನ ಪಾಪಕ್ಕ ಒಂದು ಚೊಂಬು ಗಟ್ಟಿ ಮೊಸರು ತಂದು ಮುಂದಿಟ್ಟಳು. ಬಚ್ಚಪ್ಪನ ಹೆಂಡತಿ ಆದಿಲಕ್ಷ್ಮಮ್ಮ, "ಕಾಗದ ಒರೋನಿಗೆ ಮೊಸರು ಬೇರೆ" ಎಂದು ಮೂತಿ ತಿರುವಿದಳು. ಮೊಸರನ್ನು ಮಾತ್ರ ತಿರುಗಿಸಲಿಲ್ಲ.

ಹೀಗೆ ಆಕಾಶವೆಲ್ಲ ಸುಸೂತ್ರವಾಗಿ ನಡೆದುಕೊಂಡು ಹೋಗುತ್ತಿದ್ದಾಗ ಕೋದಂಡಪ್ಪನಿಗೆ ವಿಮಾನ ಹತ್ತುವ ಆಸೆ ಹುಟ್ಟಿತು.

ಕೋದಂಡಪ್ಪ ಆದಿಲಕ್ಷ್ಮಮ್ಮನ ಸೋದರಮಾವ. ಊರ ಹಾಲಿನ ಸಂಘದ ಅಧ್ಯಕ್ಷ. ಊರಂಚಿನ ದೊಡ್ಡ ಮಾವಿನ ತೋಪಿನ ಯಜಮಾನ. ಅವನ ಬೀಗರೊಬ್ಬರು ರೈಲಿನ ಫಸ್ಟ್ ಕ್ಲಾಸಿನಲ್ಲಿ ತಿರುಪತಿಗೆ ಹೋಗಿಬಂದು ಅದನ್ನು ಆರು ತಿಂಗಳು ಹೇಳಿಕೊಂಡು ತಿರುಗಿದ ಮೇಲೆ ಅವನಿಗೆ ನೆಲದ ಮೇಲಿನ ಪ್ರಯಾಣವೇ ಹೀನವಾಗಿ ಕಂಡಿತು. ಪಂಪ್‌ಸೆಟ್ಟು ನೋಡುವ ನೆವದಲ್ಲಿ ಮದ್ರಾಸಿಗೆ ಹೊರಟ. ಹೋಗುವುದು ರೈಲಿನಲ್ಲಿ, ಬರುವುದು ವಿಮಾನದಲ್ಲಿ. ಹೊರಡುವ ಹಿಂದಿನ ದಿನ ಬಚ್ಚಪ್ಪನನ್ನು ಕರೆಸಿದ.

"ಲೇ ಬಚ್ಚ, ನಾನ್ ಬರೋ ಇಮಾನ ನಮ್ಮೂರ ಮೇಲೇನೇ ಅಲ್ವೇನ್ಲಾ ಓಗೋದು?"

"ಊ ಮಾವ. ನಮ್ಮ ಗುಟ್ಟದ ಮೇಲೇನೇ" ಎಂದು ಬಚ್ಚಪ್ಪ ಊರ ಪಕ್ಕದ ಗುಡ್ಡದ ಕಡೆ ಕೈ ತೋರಿಸಿದ.

"ಗುಟ್ಟದತ್ರ ಬಂದಾಗ ರವಷ್ಟು ತಗ್ಗಿಸು. ನಾನು ಕಿಟಕಿಯಿಂದ ಟವಲ್ಲು ಬೀಸ್ತೀನಿ. ನಿಮ್ಮತ್ತೆ ನೋಡ್ಬೇಕು, ಊರು ನೋಡ್ಬೇಕು."

ಆಗುವುದಿಲ್ಲ ಎಂದು ಹೇಳಲು ಇದಕ್ಕಿಂತ ಒಳ್ಳೆಯ ಸಮಯ ಬಚ್ಚಪ್ಪನ ಬದುಕಿನಲ್ಲಿ ಬಂದಿರಲಿಲ್ಲ. ಆದರೆ ಅಷ್ಟರಲ್ಲಿ ಕೋದಂಡಪ್ಪನ ಹೆಂಡತಿ ವೆಂಕಟರತ್ನಮ್ಮ ಒಂದು ತಟ್ಟೆ ಕಜ್ಜಾಯ ತಂದು ಅವನ ಮುಂದಿಟ್ಟಳು. ಬಾಯಲ್ಲಿ ಕಜ್ಜಾಯವಿದ್ದವನು ತಲೆಯನ್ನು ಮೇಲೆ ಕೆಳಗೆ ಆಡಿಸುವುದು ಸುಲಭ, ಅಡ್ಡಡ್ಡ ಆಡಿಸುವುದು ಕಷ್ಟ.

ಕೋದಂಡಪ್ಪ ವಿಮಾನದಲ್ಲಿ ಬರುವ ದಿನ ಬಚ್ಚಪ್ಪ ಕೆಲಸಕ್ಕೆ ರಜಾ ಹಾಕಿದ. ಆಫೀಸಿನಲ್ಲಿದ್ದು ವಿಮಾನ ತಗ್ಗಿಸಲಾಗದಿದ್ದಮೇಲೆ ಊರಿನಲ್ಲಿದ್ದು ಕೈತೋರಿಸಿ ಸಂಭ್ರಮಪಡುವುದೇ ಮೇಲು ಎಂಬುದು ಅವನ ಲೆಕ್ಕ. ವಿಮಾನ ಹೇಗೂ ಬಂದೇ ಬರುತ್ತದೆ, "ಇವತ್ತು ಎಷ್ಟು ತಗ್ಗಿ ಬಂತು ನೋಡಿದ್ರಾ?" ಅಂದರಾಯಿತು. ಅಳತೆಪಟ್ಟಿ ಯಾರ ಹತ್ತಿರವಿದೆ?

ಬೆಳಿಗ್ಗೆಯೇ ಊರೆಲ್ಲ ಗುಟ್ಟದ ಮೇಲೆ ಸೇರಿತು. ಹಾಲಿನ ಸಂಘದ ವತಿಯಿಂದ ತಮಟೆಯವರು ಬಂದರು. ವೆಂಕಟರತ್ನಮ್ಮ ಆರತಿ ತಟ್ಟೆ ಹಿಡಿದು ಮುಂದಿನ ಸಾಲಿನಲ್ಲಿ ನಿಂತಳು. ಕೋದಂಡಪ್ಪನ ತಮ್ಮ ಶ್ರೀರಾಮಪ್ಪ ಕೊಡೆ ಹಿಡಿದು ಅತ್ತಿಗೆಯ ಪಕ್ಕ ನಿಂತ. ಮೋಡ ಮಾತ್ರ ಯಾರೂ ಕರೆಯದೆ ಬಂದು ಗುಟ್ಟದ ನೆತ್ತಿಯ ಮೇಲೆ ಕಂಬಳಿ ಹಾಸಿಕೊಂಡು ಕೂತಿತ್ತು. ಹೊತ್ತಾದಂತೆ ತಮಟೆಯವರಿಗೆ ಹುರುಪು ಬಂದು ಕಿವಿ ತೂತಾಗುವ ಹಾಗೆ ಬಾರಿಸಿದರು. ಅದೇ ಹೊತ್ತಿಗೆ ಮದ್ರಾಸಿನ ವಿಮಾನ ಮೋಡದ ಮೇಲುಗಡೆ ಸರಿಯಾದ ವೇಳೆಗೆ, ಸರಿಯಾದ ದಾರಿಯಲ್ಲಿ, ತನ್ನ ಪಾಡಿಗೆ ತಾನು ಹಾದುಹೋಯಿತು. ಮೋಡದಿಂದಾಗಿ ಯಾರೂ ನೋಡಲಿಲ್ಲ, ತಮಟೆಯಿಂದಾಗಿ ಯಾರೂ ಕೇಳಲಿಲ್ಲ.

ತಮಟೆ ನಿಂತಿತು. ಆಕಾಶವೂ ನಿಶ್ಶಬ್ದವಾಗಿತ್ತು.

"ಏನ್ಲಾ ಬಚ್ಚಪ್ಪ, ಟೈಮ್ ಆಗೋಯ್ತಲ್ಲೋ?" ಎಂದ ಶ್ರೀರಾಮಪ್ಪ.

ಇಲ್ಲಿ ಬಚ್ಚಪ್ಪ ಸುಮ್ಮನಿರಬಹುದಿತ್ತು. ಆದರೆ ಸಾಹೇಬರುಗಳ ಬಾಯಲ್ಲಿ ಕೇಳಿದ ಒಂದು ನಿಯಮ ಅವನ ನೆನಪಿಗೆ ಬಂತು. ಹೇಳಿದ ಹೊತ್ತಿಗೆ ವಿಮಾನದ ಸುಳಿವಿಲ್ಲದಿದ್ದರೆ ಮೂರು ಹಂತ: ಮೊದಲು ಅನುಮಾನ, ಆಮೇಲೆ ಎಚ್ಚರ, ಕೊನೆಗೆ ಅಪಾಯ. ವಿದ್ಯೆ ಎಂಬುದು ಒಳಗೆ ಇಟ್ಟುಕೊಂಡರೆ ಹೊಟ್ಟೆ ಉಬ್ಬರಿಸುತ್ತದೆ.

"ಗಾಬರಿ ಬ್ಯಾಡ. ನಮ್ ರೂಲ್ಸಲ್ಲಿ ಮೂರ್ ಅಂತ ಐತೆ. ಇದು ಬರೀ ಅನುಮಾನದ ಅಂತ" ಎಂದು ಕೈ ಎತ್ತಿ ಸಮಾಧಾನ ಹೇಳಿದ.

ಮುಂದಿನ ಸಾಲಿನಲ್ಲಿ ಅನುಮಾನ ಎಂದು ಹೊರಟ ಮಾತು ಹಿಂದಿನ ಸಾಲು ಮುಟ್ಟುವಷ್ಟರಲ್ಲಿ ಅನಾಹುತ ಆಗಿತ್ತು.

"ಕೊನೇ ಅಂತ ಏನಪ್ಪಾ?" ವೆಂಕಟರತ್ನಮ್ಮ ಕೇಳಿದಳು.

"ಅಪಾಯ, ಅತ್ತೆ" ಎಂದ ಬಚ್ಚಪ್ಪ. ಜೀವಮಾನದಲ್ಲಿ ಅವನು ಅಪರೂಪಕ್ಕೆ ನಿಜ ಹೇಳಿದ್ದು ಅದೊಂದು ಸಲ.

ವೆಂಕಟರತ್ನಮ್ಮನ ಕೈಯಿಂದ ಆರತಿ ತಟ್ಟೆ ಬಿತ್ತು. "ಅಯ್ಯೋ ನನ್ ದ್ಯಾವ್ರೇ, ಪಂಪ್‌ಸೆಟ್ಟು ಕೋಲಾರದಲ್ಲೇ ಸಿಕ್ತಿರಲಿಲ್ವಾ!" ಎಂದು ಎದೆ ಬಡಿದುಕೊಂಡು ಕೂತಳು. ಹೆಂಗಸರೆಲ್ಲ ಸುತ್ತ ಕೂತು ದನಿಗೂಡಿಸಿದರು. ತಮಟೆಯವರು ಒಬ್ಬರ ಮುಖ ಒಬ್ಬರು ನೋಡಿಕೊಂಡು, ಸಮಯೋಚಿತವಾಗಿ ಸಾವಿನ ಬಡಿತಕ್ಕೆ ಗತ್ತು ಬದಲಾಯಿಸಿದರು.

ಶ್ರೀರಾಮಪ್ಪ ಕಣ್ಣೊರೆಸಿಕೊಂಡ. "ಅತ್ತಿಗೆ, ಅಣ್ಣನ ಬೀಗದ ಕೈ ಗೊಂಚಲು ಎಲ್ಲೈತೆ? ಏನಿಲ್ಲ, ಜೋಪಾನ ಮಾಡಾಣ ಅಂತ."

ಈ ಹೊತ್ತಿಗೆ ಸರಿಯಾಗಿ ಆರೋಗ್ಯಸ್ವಾಮಿ ಪ್ರತ್ಯಕ್ಷನಾದ. ಕೆ.ಜಿ.ಎಫ್.ನ ಚಿನ್ನದ ಗಣಿಯಲ್ಲಿ, ಒಳಗೆ ಸಿಕ್ಕಿಬಿದ್ದವರನ್ನು ಎತ್ತುವ ತಂಡದಲ್ಲಿ ದುಡಿದು ನಿವೃತ್ತನಾದವನು. ಭಾನುವಾರದ ಊಟಕ್ಕೆ ನಾಟಿಕೋಳಿ ಕೊಳ್ಳಲು ಊರಿಗೆ ಬಂದಿದ್ದ. ನಿವೃತ್ತಿಯಾದ ಮೇಲೆ ಯಾರೂ ಎಲ್ಲೂ ಸಿಕ್ಕಿಬೀಳದೆ ಅವನಿಗೆ ಬದುಕು ಸಪ್ಪೆಯಾಗಿತ್ತು. ಕೋಳಿಯನ್ನು ಪಾಪಕ್ಕನ ಕೈಗೆ ಕೊಟ್ಟು ಮುಂದೆ ಬಂದ.

"ಅಳಾದೀಂಗಮ್ಮಾ, ಅಳಬೇಡಿ. ನಾನು ಇದೀನಿ. ಹಗ್ಗ ತನ್ನಿ, ಲಾಟೀನು ತನ್ನಿ. ಎಲ್ಲಾ ಬಾವಿ ನೋಡಣ."

"ಬಾವಿಯಾಕೆ ಸ್ವಾಮಿ? ಅವರು ಆಕಾಶದಲ್ಲಿದ್ರು" ಎಂದಳು ಪಾಪಕ್ಕ.

"ಆಕಾಶದಿಂದ ಬಿದ್ರೆ ಎಲ್ಲಿಗಮ್ಮಾ ಬರೋದು? ಕೀಳೇ ತಾನೆ, ಕೆಳಗೇ! ಕೆಳಗೆ ಅಂದ್ರೆ ನಮ್ ಡಿಪಾರ್ಟ್‌ಮೆಂಟು."

ಗಂಡಸರೆಲ್ಲ ಹಗ್ಗ ಹೊತ್ತುಕೊಂಡು ಆರೋಗ್ಯಸ್ವಾಮಿಯ ಹಿಂದೆ ಬಾವಿಗಳ ಕಡೆ ಹೊರಟರು. ಬಚ್ಚಪ್ಪನನ್ನೂ ಶ್ರೀರಾಮಪ್ಪನನ್ನೂ ಹಾಲಿನ ವ್ಯಾನಿಗೆ ಹತ್ತಿಸಿ, ಬೆಂಗಳೂರಿಗೆ ಫೋನು ಮಾಡಿ ನಿಜಸ್ಥಿತಿ ತಿಳಿದುಕೊಂಡು ಬರಲು ಬಂಗಾರಪೇಟೆಗೆ ಅಟ್ಟಿದರು.

ಬಜಾರಿನ ಅಂಚೆ ಕಚೇರಿಯಲ್ಲಿ ಟ್ರಂಕ್ ಕಾಲ್ ಬುಕ್ ಮಾಡಿ ಇಬ್ಬರೂ ಬೆಂಚಿನ ಮೇಲೆ ಕಾದರು. ಹಸಿವಾಯಿತು, ಊಟ ಮಾಡಿಬಂದರು, ಮತ್ತೆ ಕಾದರು. ಮದ್ರಾಸಿನಿಂದ ಬೆಂಗಳೂರಿಗೆ ವಿಮಾನ ಹಲವು ಸಲ ಹೋಗಿಬರುವಷ್ಟು ಹೊತ್ತು ಬಂಗಾರಪೇಟೆಯಿಂದ ಬೆಂಗಳೂರಿಗೆ ಮಾತು ಹೋಗಲು ಹಿಡಿಯಿತು. ಕೊನೆಗೆ ಗಂಟೆ ಬಾರಿಸಿತು. ಆ ಕಡೆ ಬಚ್ಚಪ್ಪನ ಬದಲಿಗೆ ಅವತ್ತು ಕಾಗದ ಹೊರುತ್ತಿದ್ದ ಮುನಿಶಾಮಪ್ಪ.

"ಯಾವ್ ಇಮಾನ್ವೋ? ಬೆಳಿಗ್ಗೆ ಮದ್ರಾಸಿಂದಾ? ಟೈಮಿಗೆ ಬಂದು, ಇಳ್ದು, ವಾಪಸ್ಸೂ ಓಗಾಯ್ತಲ್ಲೋ! ನೀನಿಲ್ದೆ ಎಲ್ಲಾ ಸಲೀಸಾಗಿ ನಡೀತಾ ಐತೆ."

ಬಚ್ಚಪ್ಪನಿಗೆ ಹೋದ ಜೀವ ಬಂತು. ಕೊನೆಯ ಮಾತಿಗೆ ಸ್ವಲ್ಪ ಹೋಯಿತು. "ಅದ್ರಲ್ಲಿ ನಮ್ಮ ಕೋದಂಡಪ್ಪ ಮಾವ ಬಂದ್ರಾ, ರವಷ್ಟು ಕೌಂಟರಲ್ಲಿ ಕೇಳೋ."

ಮುನಿಶಾಮಪ್ಪ ಕೇಳಿಕೊಂಡು ಬಂದ. ಆ ಹೆಸರಿನವರು ಯಾರೂ ಇಳಿದಿಲ್ಲ. ಫೋನು ಕಟ್ಟಾಯಿತು.

"ಏನಂದ?" ಎಂದ ಶ್ರೀರಾಮಪ್ಪ.

"ಇಮಾನ ಇಳೀತಂತೆ. ಮಾವ ಇಳೀಲಿಲ್ವಂತೆ."

ಶ್ರೀರಾಮಪ್ಪ ಒಂದು ನಿಮಿಷ ಯೋಚಿಸಿದ. ಆಮೇಲೆ, "ಅಂದ್ರೆ ಅಣ್ಣ ನಡುವೇನೇ ಬಿದ್ದೋದ!" ಎಂದು ಬಜಾರಿನ ಮಧ್ಯೆ ದನಿ ತೆಗೆದು ಅತ್ತ. ಅಳುತ್ತಲೇ ವ್ಯಾನಿಗೆ ಹತ್ತಿ, ಅಳುತ್ತಲೇ ಡ್ರೈವರಿಗೆ, "ಬಿರ್ರನೆ ಒಡಿಯೋ, ತೋಪಿನ ಕಾವಲುಗಾರನಿಗೆ ಮೊದಲು ತಿಳಿಸ್ಬೇಕು" ಎಂದ. ಬಚ್ಚಪ್ಪ ಹತ್ತುವ ಮೊದಲೇ ವ್ಯಾನು ಹೊರಟಿತ್ತು.

ಬಚ್ಚಪ್ಪನೂ ಹತ್ತುವ ಆತುರದಲ್ಲಿರಲಿಲ್ಲ. ವೆಂಕಟರತ್ನಮ್ಮನ ಮುಂದೆ ಯಾವ ಮುಖ ಹೊತ್ತು ನಿಲ್ಲುವುದು? ನೆಟ್ಟಗೆ ರೈಲ್ವೆ ಸ್ಟೇಷನ್ನಿಗೆ ಬಂದ. ಸಿಕ್ಕಿದ ರೈಲು ಹತ್ತಿ ಬೆಂಗಳೂರಿಗೆ ಹೋಗಿಬಿಡುವುದು, ಆದಿಲಕ್ಷ್ಮಿಯನ್ನು ಆಮೇಲೆ ಕರೆಸಿಕೊಳ್ಳುವುದು, ಈ ಜನ್ಮದಲ್ಲಿ ಎಲಚಗುಟ್ಟಹಳ್ಳಿಯ ಕಡೆ ತಲೆಹಾಕಿ ಮಲಗುವುದೂ ಬೇಡ ಎಂದು ನಿಶ್ಚಯಿಸಿ ಪ್ಲಾಟ್‌ಫಾರಮ್ಮಿನಲ್ಲಿ ನಿಂತ.

ಮದ್ರಾಸಿನ ರೈಲು ಬಂತು. ಜನರ ನಡುವೆ ಟವಲ್ಲನ್ನು ಮುಸುಕಿನ ಹಾಗೆ ತಲೆಯ ಮೇಲೆ ಹೊದ್ದ ಒಬ್ಬ ದಪ್ಪ ಮನುಷ್ಯ ಅತ್ತಿತ್ತ ನೋಡುತ್ತ ಇಳಿದು, ಕಂಬದ ಮರೆಗೆ ಸರಿದ. ಬಚ್ಚಪ್ಪನೂ ಅದೇ ಕಂಬದ ಮರೆಯಲ್ಲಿದ್ದ.

"ಅಯ್ಯಯ್ಯೋ, ದೆವ್ವ!" ಎಂದ ಬಚ್ಚಪ್ಪ.

"ಬಾಯ್ಮುಚ್ಲಾ ಬಡ್ಡೀಮಗನೆ" ಎಂದಿತು ದೆವ್ವ. ಕೋದಂಡಪ್ಪನೇ ಎಂಬುದರಲ್ಲಿ ಅನುಮಾನ ಉಳಿಯಲಿಲ್ಲ.

"ಮಾವಾ! ನೀವು ಇಮಾನದಲ್ಲಿ..."

"ಎಲ್ಲಿ ಇಮಾನ? ಬಾಗಿಲವರೆಗೂ ಓದೆ. ಅಲ್ಲೊಂದು ಉಡುಗಿ ನಗ್ತಾ ನಿಂತಿತ್ತು. ಕಿಟಕಿ ಎಂಗಮ್ಮಾ ತೆಗೆಯೋದು, ನಮ್ಮೂರಲ್ಲಿ ಟವಲ್ಲು ಬೀಸ್ಬೇಕು ಅಂದೆ. ಕಿಟಕಿ ತೆಗೆಯೋಕೆ ಬರಲ್ಲ ಅಂದ್ಲು. ಕಿಟಕಿ ತೆಗೀದಿದ್ರೆ ಉಸಿರೆಂಗ್ಲಾ ಆಡೋದು? ಡಬ್ಬಿಯೊಳಗೆ ಕೂರಿಸಿ ಮುಚ್ಚಳ ಆಕಿದಂಗೆ! ಒಂದಕ್ಕೆ ಓಗಿ ಬತ್ತೀನಿ ಅಂದೋನು ಸೀದಾ ರೈಲ್ವೆ ಸ್ಟೇಷನ್ನಿಗೆ ಬಂದೆ." ಕೋದಂಡಪ್ಪ ಬಚ್ಚಪ್ಪನ ಅಂಗಿ ಹಿಡಿದುಕೊಂಡ. "ಲೇ, ಇದು ಊರಲ್ಲಿ ಗೊತ್ತಾಗಬಾರ್ದು. ಬೀಗರ ಕಿವಿಗೆ ಬಿದ್ರೆ ನಾನು ಬದುಕಲ್ಲ. ನಾನು ಇಮಾನದಲ್ಲೇ ಬಂದೆ. ತಿಳೀತಾ?"

"ಎಂಗಾಗ್ತೈತೆ ಮಾವ? ಬೆಂಗ್ಳೂರಲ್ಲಿ ನೀವು ಇಳೀಲಿಲ್ಲ ಅಂತ ಶ್ರೀರಾಮಪ್ಪ ಊರಿಗೆ ಯೋಳಾಕೆ ಓಗವ್ನೆ."

ಕೋದಂಡಪ್ಪ ಹಾಲಿನ ಸಂಘವನ್ನು ಹನ್ನೆರಡು ವರ್ಷ ನಡೆಸಿದ ಮನುಷ್ಯ. ಹೊಂದದ ಎರಡು ಸಂಗತಿಗಳನ್ನು ನೀರು ಬೆರೆಸಿ ಹೊಂದಿಸುವುದು ಅವನಿಗೆ ಹೊಸದಲ್ಲ. "ಇಮಾನದಲ್ಲಿ ಬಂದೆ. ಬೆಂಗ್ಳೂರಲ್ಲಿ ಇಳೀಲಿಲ್ಲ. ಸರಿಯಾಯ್ತಲ್ಲ. ನೀನು ನಡುವೆ ನಿಲ್ಸಿ ನನ್ನ ಇಳಿಸ್ದೆ."

"ಎಲ್ಲಿ ಮಾವ?"

"ನೀನೇ ಯೋಳ್ಲಾ, ಇಮಾನದೋನು ನೀನು! ಗುಟ್ಟದ ಆಚೆ ಎಲ್ಲಾದ್ರೂ ಸಪಾಟಾಗಿರೋ ಜಾಗ."

ಬಚ್ಚಪ್ಪನಿಗೆ ಗುಟ್ಟದ ಆಚೆ ಸಪಾಟಾಗಿರುವ ಜಾಗ ಗೊತ್ತಿದ್ದದ್ದು ಒಂದೇ. ಮುಂದೇನಾದೀತು ಎಂದು ಎಣಿಸದೆ, "ನಮ್ಮ ರಾಗಿ ಒಲ ಐತಲ್ಲ ಮಾವ" ಎಂದುಬಿಟ್ಟ.

ಇಬ್ಬರೂ ಜಟಕಾ ಮಾಡಿಕೊಂಡು ಊರು ಮುಟ್ಟುವಾಗ ಮನೆಗಳಲ್ಲಿ ದೀಪ ಹಚ್ಚುತ್ತಿದ್ದರು. ಊರ ಮುಂದಿನ ಬಾವಿಯ ಸುತ್ತ ಜನ. ಒಳಗೆ ಆರೋಗ್ಯಸ್ವಾಮಿ ಹಗ್ಗದಲ್ಲಿ ನೇತಾಡುತ್ತಿದ್ದ. ಅವತ್ತಿಡೀ ಅವನು ಊರಿನ ಒಂದೊಂದು ಬಾವಿಗೂ ಇಳಿದು, ಎರಡು ಕೊಡ, ಒಂದು ರಾಟೆ, ಪಾಪಕ್ಕನ ಮದುವೆಯ ಕಾಲದ ಹಿತ್ತಾಳೆ ಬಿಂದಿಗೆ ಇವಿಷ್ಟನ್ನೂ ರಕ್ಷಿಸಿದ್ದ. "ಏನೋ ಮೆತ್ತಗೆ ಸಿಕ್ತು!" ಎಂದು ಅವನು ಒಳಗಿಂದ ಕೂಗಿದ. ವೆಂಕಟರತ್ನಮ್ಮ ಕಿಟಾರನೆ ಕಿರುಚಿದಳು. ಮೇಲೆ ಬಂದದ್ದು ಹಳೆಯ ಹಾಸಿಗೆ.

"ಏನ್ ಗಲಾಟೆ ಇದು?" ಎಂದ ಕೋದಂಡಪ್ಪ ಜಟಕಾದಿಂದ ಇಳಿಯುತ್ತ.

ಹಗ್ಗ ಹಿಡಿದಿದ್ದವರು ಗಾಬರಿಯಲ್ಲಿ ಹಗ್ಗ ಬಿಟ್ಟರು. ಒಳಗೆ ಆರೋಗ್ಯಸ್ವಾಮಿ ಬಿದ್ದ ಸದ್ದಾಯಿತು, ಹಿಂದೆಯೇ ಶುದ್ಧ ತಮಿಳಿನ ಬೈಗುಳ ಮೇಲೆ ಬಂತು. ವೆಂಕಟರತ್ನಮ್ಮ ಓಡಿಬಂದು ಗಂಡನ ಮೈ ಮುಟ್ಟಿ ಮುಟ್ಟಿ ನೋಡಿ, ಜೀವಂತ ಎಂದು ಖಾತ್ರಿಯಾದ ಮೇಲೆ ಬೈಯಲು ಶುರುಮಾಡಿದಳು.

"ಅಣ್ಣಾ, ಬದುಕಿದ್ದೀಯಾ?" ಎಂದ ಶ್ರೀರಾಮಪ್ಪ. ಅದರಲ್ಲಿ ಸಂತೋಷ ಎಷ್ಟು, ದೂರು ಎಷ್ಟು ಎಂದು ಬಿಡಿಸಿ ಹೇಳುವುದು ಕಷ್ಟ. ಬೀಗದ ಕೈ ಗೊಂಚಲು ಅವನ ಸೊಂಟದಲ್ಲಿ ಗಿಲಿಗಿಲಿ ಎಂದಿತು.

ಕೋದಂಡಪ್ಪ ಎತ್ತರದ ಕಲ್ಲಿನ ಮೇಲೆ ನಿಂತು ಎಲ್ಲವನ್ನೂ ವಿವರಿಸಿದ. ಮೋಡವಿದ್ದದ್ದರಿಂದ ಟವಲ್ಲು ಬೀಸಿ ಪ್ರಯೋಜನವಿರಲಿಲ್ಲ. ಅದಕ್ಕೇ ಬಚ್ಚಪ್ಪ ಮೊದಲೇ ಹೇಳಿಟ್ಟಿದ್ದ ಹಾಗೆ ವಿಮಾನವನ್ನು ಅವನ ರಾಗಿ ಹೊಲದಲ್ಲಿ ಒಂದು ನಿಮಿಷ ನಿಲ್ಲಿಸಿ ತನ್ನನ್ನು ಇಳಿಸಿ ಹೋದರು. ಊರವರೆಲ್ಲ ಗುಟ್ಟದ ಮೇಲೆ ಮೋಡದ ನಡುವೆ ತಮಟೆ ಬಡಿಯುತ್ತಿದ್ದುದರಿಂದ ಯಾರಿಗೂ ಗೊತ್ತಾಗಲಿಲ್ಲ.

"ಅಂಗಾದ್ರೆ ಇಷ್ಟೊತ್ತು ಎಲ್ಲಿದ್ರಿ?" ಎಂದಳು ಪಾಪಕ್ಕ.

"ಬಂಗಾರಪೇಟೆಗೆ ಓಗಿ ಕಾಪಿ ಕುಡ್ದು ಬಂದೆ."

ದೊಡ್ಡವರು ಹಾಗೆಯೇ ಮಾಡುತ್ತಾರೆಂದು ಊರು ಒಪ್ಪಿಕೊಂಡಿತು. ಬಚ್ಚಪ್ಪನನ್ನು ಹೆಗಲ ಮೇಲೆ ಹೊತ್ತು ಮೆರೆಸಿದರು. ಆ ಗಲಾಟೆಯಲ್ಲಿ ಆರೋಗ್ಯಸ್ವಾಮಿಯನ್ನು ಮೇಲೆ ಎಳೆಯುವುದು ಸ್ವಲ್ಪ ತಡವಾಯಿತು. ಜೀವಮಾನವೆಲ್ಲ ಸಿಕ್ಕಿಬಿದ್ದವರನ್ನು ಎತ್ತಿದವನಿಗೆ ಸಿಕ್ಕಿಬೀಳುವುದು ಹೇಗಿರುತ್ತದೆಂದು ಅವತ್ತು ಗೊತ್ತಾಯಿತು.

ಮರ್ಯಾದೆ ಎಂಬುದು ಸಾಲದ ಎಮ್ಮೆಯ ಹಾಗೆ, ಬಂದ ದಿನ ಹಾಲು ಕೊಡುತ್ತದೆ. ತಿಂಗಳೊಪ್ಪತ್ತಿನಲ್ಲಿ ಊರಿನವರಿಗೆ ಒಂದು ಯೋಚನೆ ಹೊಳೆಯಿತು. ಒಂದು ಸಲ ನಿಂತ ವಿಮಾನ ದಿನಾ ಯಾಕೆ ನಿಲ್ಲಬಾರದು? ಕೆಂಪು ಬಸ್ಸಿಗೆ ನಿಲುಗಡೆ ಬೇಕೆಂದು ಅರ್ಜಿ ಕೊಟ್ಟು ಏಳು ವರ್ಷವಾಗಿತ್ತು, ಅದಾಗಿರಲಿಲ್ಲ. ವಿಮಾನಕ್ಕಾದರೂ ಆದೀತು. ಬೂದಿಕೋಟೆಯ ಸಂತೆಯಲ್ಲಿ ಕೂತು ಸಹಿ ಹಾಕಿಸಿದರು. ಚುನಾವಣೆ ಹತ್ತಿರವಿತ್ತು, ಒಬ್ಬ ಮುಖಂಡರು ಬಂದು, "ಎಲಚಗುಟ್ಟಹಳ್ಳಿಗೆ ವಿಮಾನ ನಿಲುಗಡೆ ಕೊಡಿಸಿಯೇ ಸಿದ್ಧ" ಎಂದು ಭಾಷಣ ಮಾಡಿ, ಎರಡು ಎಳನೀರು ಕುಡಿದು ಹೋದರು. ಅವರು ಹೋದ ಹದಿನೈದು ದಿನಕ್ಕೆ ಮೇಲಿನ ಯಾವುದೋ ಕಚೇರಿಯಿಂದ ಸರ್ವೆ ಸಾಹೇಬರು ಸರಪಣಿ, ಗೂಟ, ಕೆಂಪು ಬಾವುಟ ತೆಗೆದುಕೊಂಡು ಬಂದಿಳಿದರು. ನೇರವಾಗಿ ಬಚ್ಚಪ್ಪನ ಹೊಲಕ್ಕೆ ಹೋಗಿ ನಾಲ್ಕು ಮೂಲೆಗೂ ಗೂಟ ಹೊಡೆಸಿದರು.

ಅದು ಬಚ್ಚಪ್ಪನಿಗಿದ್ದ ಒಂದೇ ಹೊಲ. ಮನೆಯ ಮುದ್ದೆ ಅಲ್ಲಿಂದಲೇ ಬರಬೇಕು.

"ಓಗಯ್ಯಾ, ಓಗಿ ನಿಜ ಯೋಳು" ಎಂದು ಆದಿಲಕ್ಷ್ಮಮ್ಮ ಸೌಟು ಹಿಡಿದು ಎದ್ದು ನಿಂತಳು. "ಈ ವರ್ಷ ರಾಗಿ ಬದಲು ಇಮಾನ ಬೆಳೀತೀಯಾ? ಬೇಯಿಸಾಕಾದ್ರೂ ಬತ್ತದಾ ಅದು?"

ಬಚ್ಚಪ್ಪ ಕೋದಂಡಪ್ಪನ ಮನೆಗೆ ಓಡಿದ. "ಮಾವ, ಒಲ ಓಗ್ತಾ ಐತೆ. ರೈಲಲ್ಲಿ ಬಂದೆ ಅಂತ ಒಂದ್ ಮಾತು ಅಂದ್ಬಿಡಿ."

"ನಿನ್ನ ಒಲ ಎಷ್ಟಪ್ಪಾ? ಎರಡು ಎಕರೆ. ನನ್ನ ಮಾನ ಎಷ್ಟು? ಅದಕ್ಕೆ ಪಹಣಿ ಉಂಟಾ?" ಎಂದ ಕೋದಂಡಪ್ಪ. "ಊರಿಗೋಸ್ಕರ ತ್ಯಾಗ ಮಾಡ್ಲಾ. ನಿನ್ನ ಎಸರು ಉಳೀತೈತೆ."

ಮಾರನೆಯ ದಿನ ಹೊಲದಲ್ಲಿಯೇ ಸಭೆ. ಸರ್ವೆ ಸಾಹೇಬರಿಗೆ ಕುರ್ಚಿ, ಅಧ್ಯಕ್ಷರಿಗೆ ಕುರ್ಚಿ, ಉಳಿದವರಿಗೆಲ್ಲ ರಾಗಿ ಕೊಯ್ದುಳಿದ ಕೂಳೆ. ಸಾಹೇಬರು ಮಾತು ಶುರುಮಾಡುವ ಮೊದಲೇ ಆದಿಲಕ್ಷ್ಮಮ್ಮ ಎದ್ದಳು.

"ಸ್ವಾಮಿ, ಇವನು ಇಮಾನ ನಿಲ್ಲಿಸೋನಲ್ಲ. ಕಾಗದ ಒರೋನು. ಇವನು ಯೋಳಿದ್ರೆ ನಮ್ಮ ಮನೆ ಕೋಳೀನೂ ನಿಲ್ಲಲ್ಲ."

ಊರೆಲ್ಲ ನಕ್ಕಿತು. "ದೊಡ್ಡೋರ ಎಂಡ್ರು ಇಂಗೇ ಯೋಳೋದು. ದೃಷ್ಟಿಯಾಗ್ತೈತೆ ಅಂತ ಭಯ" ಎಂದಳು ಪಾಪಕ್ಕ ಮೆಚ್ಚುಗೆಯಿಂದ. ಆದಿಲಕ್ಷ್ಮಮ್ಮನಿಗೆ ತಲೆ ಚಚ್ಚಿಕೊಳ್ಳಲು ಹತ್ತಿರದಲ್ಲಿ ಗೂಟ ಬಿಟ್ಟರೆ ಬೇರೇನೂ ಇರಲಿಲ್ಲ.

ಸರ್ವೆ ಸಾಹೇಬರು ಬಚ್ಚಪ್ಪನ ಕಡೆ ತಿರುಗಿದರು. "ನೋಡಪ್ಪ, ವಿಮಾನ ಇಳಿಯೋ ದಾರಿಯಲ್ಲಿ ಅರ್ಧ ಮೈಲಿ ಏನೂ ಅಡ್ಡ ಇರಬಾರದು. ಮರ, ಮನೆ, ಏನಿದ್ರೂ ತೆಗೆಸಬೇಕಾಗ್ತದೆ. ಅವತ್ತು ಯಾವ ಕಡೆಯಿಂದ ಬಂದು ಇಳೀತು?"

ಬಚ್ಚಪ್ಪ ಬೆವೆತ. ಇಲ್ಲದ ವಿಮಾನಕ್ಕೆ ದಿಕ್ಕು ಎಲ್ಲಿಂದ ತರುವುದು? ಮದ್ರಾಸು ಯಾವ ಕಡೆ ಎಂಬುದೂ ಆ ಗಳಿಗೆಯಲ್ಲಿ ಮರೆತುಹೋಯಿತು. ಕಣ್ಣು ಮುಚ್ಚಿಕೊಂಡು ಕೈ ಎತ್ತಿ ಒಂದು ಕಡೆ ತೋರಿಸಿದ. ಎಲ್ಲರ ತಲೆಯೂ ಅತ್ತ ತಿರುಗಿತು. ಆ ಬೆರಳಿನ ತುದಿಯಲ್ಲಿ ಕೋದಂಡಪ್ಪನ ಮಾವಿನ ತೋಪು, ತೋಪಿನ ಹಿಂದೆ ಅವನು ಹೊಸದಾಗಿ ಕಟ್ಟಿಸಿದ ಮಹಡಿ ಮನೆ, ಮಹಡಿಯ ಮೇಲೆ ಒಣಹಾಕಿದ್ದ ವೆಂಕಟರತ್ನಮ್ಮನ ರೇಷ್ಮೆ ಸೀರೆ.

"ಸರಿ, ಆ ತೋಪು ಬರ್ಕೊಳ್ಳಿ" ಎಂದರು ಸಾಹೇಬರು ಗುಮಾಸ್ತನಿಗೆ. "ಆ ಮಹಡಿಯನ್ನೂ."

ಕೋದಂಡಪ್ಪ ಕುರ್ಚಿಯಿಂದ ಚಂಗನೆ ಎದ್ದ. "ಲೇ ಬಚ್ಚಾ, ಬೆರಳು ತಿರುಗಿಸ್ಲಾ!"

ಬಚ್ಚಪ್ಪನ ಬೆರಳು ಭಯಕ್ಕೆ ಸೆಟೆದು ನಿಂತಿತ್ತು. ತಿರುಗಲಿಲ್ಲ.

"ಸ್ವಾಮಿ, ಬರೀಬೇಡಿ!" ಕೋದಂಡಪ್ಪ ಗುಮಾಸ್ತನ ಕೈ ಹಿಡಿದುಕೊಂಡ. ಒಮ್ಮೆ ತೋಪಿನ ಕಡೆ ನೋಡಿದ, ಒಮ್ಮೆ ಜನರ ಕಡೆ ನೋಡಿದ. ಕೊನೆಗೆ ಮಾನಕ್ಕಿಂತ ಮಾವೇ ಹೆಚ್ಚು ತೂಗಿತು. "ನಾನು ಬಂದದ್ದು ರೈಲಲ್ಲಿ! ಇಮಾನ ಅತ್ತಲೇ ಇಲ್ಲ! ಕಿಟಕಿ ತೆಗೆಯೋಕೆ ಬರಲ್ಲ ಅಂದ್ರು, ಎದರಿ ಓಡಿಬಂದೆ! ಈ ನನ್ಮಗನೂ ಸುಳ್ಳು, ನಾನೂ ಸುಳ್ಳು!"

ಇಂಥ ದೊಡ್ಡ ಮನುಷ್ಯ ಎದೆ ಬಗೆದು ಇಷ್ಟು ದೊಡ್ಡ ನಿಜ ಹೇಳಿದ್ದು ಹೋಬಳಿಯ ಇತಿಹಾಸದಲ್ಲಿಯೇ ಇರಲಿಲ್ಲ. ಬಚ್ಚಪ್ಪನ ಕಣ್ಣಲ್ಲಿ ನೀರು ತುಂಬಿತು. ಆದಿಲಕ್ಷ್ಮಮ್ಮ ಸೋದರಮಾವನಿಗೆ ಕೈ ಮುಗಿದಳು.

ಆಗ ಶ್ರೀರಾಮಪ್ಪ ನಿಧಾನವಾಗಿ ಎದ್ದ. "ನೋಡಿದ್ರಾ? ತೋಪು ಉಳಿಸ್ಕೊಳ್ಳಾಕೆ ಎಂಥಾ ಸುಳ್ಳು ಯೋಳ್ತಾವ್ನೆ ನಮ್ಮಣ್ಣ!"

"ಅಲ್ವಾ ಮತ್ತೆ!" ಎಂದಿತು ಊರು. "ಬಡವನ ಒಲ ಓಗ್ಬೋದು, ಸಾವ್ಕಾರನ ಮರ ಓಗಬಾರ್ದು! ನಾವೇ ಕಣ್ಣಾರೆ ನೋಡಿದ್ವಲ್ಲ ಇಮಾನ ಇಳಿದಿದ್ದು!" ಕಣ್ಣಾರೆ ನೋಡಿದವರು ಒಬ್ಬರಲ್ಲ, ಐವತ್ತು ಜನ. ವಿಮಾನದ ಬಣ್ಣದ ಬಗ್ಗೆ ಮಾತ್ರ ಅವರವರಲ್ಲೇ ಜಗಳ ಹತ್ತಿತು. ಪಾಪಕ್ಕ ಕೋದಂಡಪ್ಪನ ಮುಖಕ್ಕೇ ಹೇಳಿದಳು: "ನಾಚ್ಕೆ ಆಗಲ್ವಾ ಯಜಮಾನ್ರೇ? ಅತ್ತಿಸಿ ಇಳಿಸಿದೋನ ಮುಂದೇನೇ ಇಮಾನ ಅತ್ತಲೇ ಇಲ್ಲ ಅಂತೀರಲ್ಲ!"

ಸರ್ವೆ ಸಾಹೇಬರಿಗೆ ತಲೆ ಕೆಟ್ಟಿತು. ವಿಮಾನ ನಿಂತಿತ್ತೋ ಇಲ್ಲವೋ ಎಂದು ವಿಮಾನದವರನ್ನು ಕೇಳಿ ತಿಳಿಸಿ ಎಂದು ಬರೆದು ಕಡತವನ್ನು ಮೇಲಕ್ಕೆ ಕಳಿಸಿದರು. ಮೇಲಿನವರು ವಿಮಾನದವರನ್ನು ಕೇಳುವ ಬದಲು ರೈಲಿನವರನ್ನು ಕೇಳಿದರು. ರೈಲಿನವರು, ನಮ್ಮ ರೈಲು ಹೊಲಗಳಲ್ಲಿ ನಿಲ್ಲುವುದಿಲ್ಲ ಎಂದು ಖಡಾಖಂಡಿತವಾಗಿ ಉತ್ತರ ಕೊಟ್ಟರು. ಆ ಉತ್ತರದ ಅರ್ಥವೇನೆಂದು ಕೇಳಿಕೊಂಡು ಕಡತ ಮತ್ತೊಂದು ಕಚೇರಿಗೆ ಹೋಯಿತು. ಹಾಗೆ ಹೋದದ್ದು ತಿರುಗಿ ಬರಲಿಲ್ಲ. ಮುಂಗಾರು ಬಂತು. ಆದಿಲಕ್ಷ್ಮಮ್ಮ ಯಾರನ್ನೂ ಕೇಳದೆ ಗೂಟಗಳ ನಡುವೆಯೇ ಉಳುಮೆ ಮಾಡಿಸಿ ರಾಗಿ ಬಿತ್ತಿದಳು. ಬಚ್ಚಪ್ಪ ಆ ಮೇಲೆ ಯಾರು ಏನು ಕೇಳಿದರೂ, "ನಾನು ಕಾಗದ ಒರೋನು ಕಣಪ್ಪ" ಅನ್ನುತ್ತಿದ್ದ. ದೊಡ್ಡ ಹುದ್ದೆಯಲ್ಲಿದ್ದರೂ ಎಂಥಾ ವಿನಯ ಎಂದು ಜನ ಅವನನ್ನು ಇನ್ನಷ್ಟು ಹೊಗಳಿದರು.

ಒಂದು ದಿನ ಬೆಳಿಗ್ಗೆ ಗಂಡ ಹೆಂಡತಿ ಕಳೆ ಕೀಳಲು ಹೊಲಕ್ಕೆ ಹೋದಾಗ, ಮೂಲೆಯ ಗೂಟದ ಪಕ್ಕದಲ್ಲಿ ಪಾಪಕ್ಕ ಹೊಸ ಸೀರೆ ಉಟ್ಟು, ತಲೆಗೆ ಹೂ ಮುಡಿದು, ಮೊಣಕಾಲ ಹತ್ತಿರ ಬಟ್ಟೆಗಂಟು ಇಟ್ಟುಕೊಂಡು ಕೂತಿದ್ದಳು. ಮದ್ರಾಸಿನಲ್ಲಿದ್ದ ಮಗಳಿಗೆ ಹೆರಿಗೆಯಂತೆ. ಬಚ್ಚಪ್ಪ ಏನಾದರೂ ಹೇಳಬೇಕೆಂದು ಬಾಯಿ ತೆರೆಯುವಷ್ಟರಲ್ಲಿ ಮೇಲೆ ಸದ್ದಾಯಿತು. ಪಾಪಕ್ಕ ದಡಬಡಿಸಿ ಎದ್ದು, ಗಂಟನ್ನು ಕಂಕುಳಿಗೆ ಸೇರಿಸಿ, ಬದುವಿನ ಮೇಲೆ ನಿಂತು ಕೈ ಅಡ್ಡ ಚಾಚಿದಳು. ವಿಮಾನ ಬೆಳ್ಳಗೆ ಹೊಳೆಯುತ್ತ ಬಂದು, ತಲೆಯ ಮೇಲೆ ಹಾದು, ಕೆ.ಜಿ.ಎಫ್. ಕಡೆ ಸಣ್ಣದಾಗುತ್ತ ಹೋಯಿತು. ಅವಳು ಕೈ ಇಳಿಸಿ, ಗಂಟನ್ನು ಮತ್ತೆ ಕೆಳಗಿಟ್ಟು ಕೂತಳು.

"ಸೀಟು ತುಂಬೋಗಿತ್ತು ಅಂತ ಕಾಣ್ತೈತೆ ಬಚ್ಚಣ್ಣ" ಅಂದಳು. "ಇನ್ನೊಂದು ಬತ್ತೈತಲ್ಲ, ಅದ್ರಲ್ಲಿ ಓಗ್ತೀನಿ ಬಿಡು."